ಸರ್ಟಿಫಿಕೇಟ್ ನವೀಕರಣ ಯಾರದೋ ನೆನಪಿಗೆ ಬಿಡುವ ಕೆಲಸವಲ್ಲ!

ಜಾಲತಾಣ ತೆರೆದರೆ 'ಸಂಪರ್ಕ ಸುರಕ್ಷಿತವಲ್ಲ' ಅಂತ ಎಚ್ಚರಿಕೆ ಬರುತ್ತೆ. ಕೇಳಿದರೆ "ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಷ್ಟೇ, ಮುಂದುವರಿಯಿರಿ" ಅಂತಾರೆ. ಇದನ್ನು ನಾವು ಒಪ್ಪಲ್ಲ. ಎಚ್ಚರಿಕೆಯನ್ನು ಕಡೆಗಣಿಸಲು ನಾವೇ ಜನರಿಗೆ ಕಲಿಸಿದರೆ, ನಾಳೆ ನಕಲಿ ತಾಣದ ಮುಂದೆಯೂ ಅವರು ಅದನ್ನೇ ಒತ್ತುತ್ತಾರೆ.

ದುಡ್ಡಿಲ್ಲ ಅನ್ನುವ ನೆಪ ಬೇಡ. ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಉಚಿತವಾಗಿ ಸರ್ಟಿಫಿಕೇಟ್ ಕೊಡುತ್ತಿದೆ. ಆದರೆ ಅವಧಿ ಮುಗಿಯುವ ಮುನ್ನ ಅದು ಕಳಿಸುತ್ತಿದ್ದ ಇಮೇಲ್ 2025ರ ಜೂನ್‌ನಲ್ಲಿ ನಿಂತುಹೋಯಿತು. ಬ್ರೌಸರ್‌ಗಳು ನಂಬುವ ಸರ್ಟಿಫಿಕೇಟ್‌ಗಳ ಗರಿಷ್ಠ ಆಯಸ್ಸು 2029ರ ಮಾರ್ಚ್ 15ರಿಂದ ಬರೀ 47 ದಿನ. ಆಗಲೂ ಕ್ಯಾಲೆಂಡರ್ ನೋಡಿಕೊಂಡು ಕೂರುತ್ತೀರಾ?

ಸರ್ವರ್‌ನಲ್ಲಿ ಸರ್ಟ್‌ಬಾಟ್ ಹಾಕಿ. ಅದರ ಟೈಮರ್ ದಿನಕ್ಕೆ ಎರಡು ಸಲ ತಪಾಸಣೆ ಮಾಡಿ, ಸಮಯ ಬಂದಾಗ ತಾನೇ ನವೀಕರಿಸುತ್ತೆ. ಟೈಮರ್ ಓಡುತ್ತಿದೆಯೇ ನೋಡಿ, 'ಡ್ರೈ ರನ್' ಮಾಡಿ ಪರೀಕ್ಷಿಸಿ. ನವೀಕರಣವಾದ ಮೇಲೆ ವೆಬ್ ಸರ್ವರ್ ರೀಲೋಡ್ ಆಗುತ್ತಿದೆಯೇ ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಹೊಸದು ಡಿಸ್ಕ್‌ನಲ್ಲಿ ಕೂತಿರುತ್ತೆ, ಓದುಗರಿಗೆ ಹಳೆಯದೇ ಹೋಗುತ್ತೆ.

ಅರ್ಧ ಗಂಟೆಯ ಕೆಲಸ. ತಾಣ ನಡೆಸುವವರೇ, ಇವತ್ತೇ ಮುಗಿಸಿ. ಗೊತ್ತಿರುವವರು ಗೊತ್ತಿಲ್ಲದವರಿಗೆ ಮಾಡಿಕೊಡಿ.