ದಂತಧಾವನವೂ ದಂತಧಾವಳ್ಯವೂ

ಸಂಸ್ಕೃತದ 'ದ್ವಿಜ' ಶಬ್ದಕ್ಕಿರುವ ಅರ್ಥಗಳಲ್ಲಿ ಹಲ್ಲು ಎಂಬುದೂ ಒಂದು. ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಮತ್ತೊಮ್ಮೆ ಹುಟ್ಟುವ ಹಕ್ಕಿಯು ದ್ವಿಜವಾದಂತೆಯೇ, ಹಾಲುಹಲ್ಲಾಗಿ ಮೂಡಿ, ಉದುರಿ, ಮರಳಿ ಹುಟ್ಟುವ ಹಲ್ಲೂ ದ್ವಿಜವೆನಿಸಿತು. ಈ ಹೆಸರಿನಲ್ಲಿಯೇ ಒಂದು ಎಚ್ಚರಿಕೆಯೂ ಅಡಗಿದೆ. ಎರಡು ಜನ್ಮಗಳುಂಟು, ಮೂರನೆಯದಿಲ್ಲ. ಹಲ್ಲಿನ ಮೇಲ್ಗವಚವಾದ ಎನಾಮಲ್ ಎಂಬ ಪದಾರ್ಥಕ್ಕಂತೂ ಪುನರ್ಜನ್ಮವೇ ಇಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡನ್ನು ಸೀಳಿ ಹೊರಬರುವಷ್ಟರಲ್ಲಿ ಅಳಿದುಹೋಗಿರುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಹರಿದ ಚರ್ಮ ಮಾಯುತ್ತದೆ. ಎನಾಮಲ್ ಸವೆದರೆ ಸವೆದಂತೆಯೇ ಸರಿ.

ಇಂತಹ ಪದಾರ್ಥದ ಮೇಲೆ ಇಂದು ಬಿಳುಪಿನ ಪ್ರಯೋಗಗಳು ಭರದಿಂದ ಸಾಗಿವೆ. ದಂತವೈದ್ಯರಲ್ಲಿ ಹಲ್ಲನ್ನು ಬಿಳುಪು ಮಾಡಿಸಿಕೊಳ್ಳುವುದು ಒಂದು ಕಾಲಕ್ಕೆ ಚಲನಚಿತ್ರ ನಟರ ವಿಲಾಸವಾಗಿತ್ತು. ಈಗ ಮದುವೆಗೆ ನಿಂತ ವಧೂವರರ ಸಿದ್ಧತೆಗಳಲ್ಲಿ ಅದೂ ಸೇರಿಕೊಂಡಿದೆ. ಈ ವಿಷಯದಲ್ಲಿ ಜನರಲ್ಲಿ ಎರಡು ಪಕ್ಷಗಳಿವೆ. ಆ ಔಷಧವು ಎನಾಮಲ್ಲನ್ನು ಸುಟ್ಟು ಹಲ್ಲನ್ನು ಪೊಳ್ಳು ಮಾಡುತ್ತದೆಂಬುದು ಒಂದು ಪಕ್ಷ. ಮುಖ ತೊಳೆದಷ್ಟೇ ನಿರಪಾಯಕರವೆಂಬುದು ಮತ್ತೊಂದು. ನನ್ನ ಮಟ್ಟಿಗೆ ಎರಡೂ ಅತಿವಾದಗಳೇ.

ಮೊದಲು ವಸ್ತುಸ್ಥಿತಿಯನ್ನು ಅರಿಯಬೇಕು. ಎನಾಮಲ್ ಮಾನವಶರೀರದಲ್ಲಿಯೇ ಅತ್ಯಂತ ಕಠಿಣವಾದ ಪದಾರ್ಥ. ತೂಕದಲ್ಲಿ ಅದರ ಸುಮಾರು ಶೇಕಡಾ 96 ಭಾಗ ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್‌ಗಳಿಂದಾದ ಹೈಡ್ರಾಕ್ಸಿ ಅಪಟೈಟ್ ಎಂಬ ಹರಳುಗಳ ದಟ್ಟ ಹೆಣಿಗೆ. ಆದರೆ ಅದು ಸುಣ್ಣ ಬಳಿದ ಗೋಡೆಯಂತೆ ಬಿಳಿಯದಲ್ಲ. ಬೆಳಕನ್ನು ಒಳಬಿಡುವ ಅರೆಪಾರದರ್ಶಕ ಪದರ. ಅದರ ಕೆಳಗಿರುವ ಡೆಂಟಿನ್ ಸಹಜವಾಗಿಯೇ ಹಳದಿಛಾಯೆಯದು. ನಮಗೆ ಕಾಣುವ ಹಲ್ಲಿನ ಬಣ್ಣ ಬಹುಮಟ್ಟಿಗೆ ಈ ಒಳಪದರದ್ದು. ವಯಸ್ಸಾದಂತೆ ಮೇಲಿನದು ತೆಳುವಾಗಿ ಒಳಗಿನದು ಗಾಢವಾಗುವುದರಿಂದ ಮುದುಕರ ಹಲ್ಲು ಹಳದಿಯಾಗುತ್ತದೆ. ಇದು ಕೊಳೆಯಲ್ಲ, ಕಾಲಧರ್ಮ. ಕೊಳೆಯೆಂದರೆ ಹಲ್ಲಿನ ಮೇಲೆ ಕಟ್ಟುವ ಪಾಚಿ, ಕಿಟ್ಟ, ಎಲೆಯಡಿಕೆ ಚಹಗಳ ಕರೆ. ಅದನ್ನು ತೆಗೆಸಿಕೊಳ್ಳುವುದು ಧಾವನ, ಎಂದರೆ ತೊಳೆಯುವಿಕೆ. ಹಲ್ಲಿನ ಮೂಲವರ್ಣವನ್ನೇ ಬದಲಿಸಹೊರಡುವುದು ಧಾವಳ್ಯದ ಹಂಬಲ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಬಿಳುಪು ಮಾಡುವ ದ್ರವ್ಯ ಹೈಡ್ರೋಜನ್ ಪೆರಾಕ್ಸೈಡ್. ಫ್ರಾನ್ಸಿನ ರಸಾಯನಜ್ಞ ಥೆನಾರ್ 1818ರಲ್ಲಿ ಕಂಡುಹಿಡಿದ ಪದಾರ್ಥವಿದು. ವೈದ್ಯರ ಕುರ್ಚಿಯಲ್ಲಿ ಹಚ್ಚುವ ಲೇಪದಲ್ಲಿ ಇದರ ಪ್ರಮಾಣ ಸಾಮಾನ್ಯವಾಗಿ ಶೇಕಡಾ 25ರಿಂದ 40ರವರೆಗೆ ಇರುತ್ತದೆ. ರಾತ್ರಿ ಹಲ್ಲಿಗೆ ಅಚ್ಚು ತೊಡಿಸಿಕೊಂಡು ಮಲಗುವ ಸೌಮ್ಯಕ್ರಮವನ್ನು 1989ರಲ್ಲಿ ಹೇವುಡ್ ಮತ್ತು ಹೇಮನ್ ಎಂಬ ಅಮೆರಿಕದ ವೈದ್ಯರು ಪ್ರಕಟಿಸಿದರು. ಅದರಲ್ಲಿ ಬಳಸುವುದು ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್. ಅದರಿಂದ ಒಡೆದು ಬರುವ ಹೈಡ್ರೋಜನ್ ಪೆರಾಕ್ಸೈಡ್ ಶೇಕಡಾ ಮೂರೂವರೆಯಷ್ಟು ಮಾತ್ರ. ಈ ದ್ರವ್ಯವು ಎನಾಮಲ್ಲನ್ನು ಕೆರೆಯುವುದಿಲ್ಲ. ಹರಳುಗಳ ಸಂದುಗಳಲ್ಲಿ ನುಸುಳಿ ಡೆಂಟಿನ್ನನ್ನು ಮುಟ್ಟಿ, ಅಲ್ಲಿ ಬಣ್ಣ ತೋರುವ ಅಣುಗಳನ್ನು ಆಮ್ಲಜನಕದ ಬಲದಿಂದ ಒಡೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಹಲ್ಲಿನ ಒಳತಿರುಳನ್ನೂ ತಲುಪಬಲ್ಲುದು. ಬಿಳುಪು ಮಾಡಿಸಿಕೊಂಡವರು ತಣ್ಣೀರು ಕುಡಿದಾಗ ಜುಮ್ಮೆಂದು ಬೆಚ್ಚುವುದು ಇದರಿಂದಲೇ. ಬಹುತೇಕರಲ್ಲಿ ಕೆಲವು ದಿನಗಳಲ್ಲಿ ಅದು ಶಮನವಾಗುತ್ತದೆ.

ಹಾಗಾದರೆ ಎನಾಮಲ್ಲಿಗೆ ಹಾನಿಯೇ ಇಲ್ಲವೆ? ಕಿತ್ತ ಹಲ್ಲುಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಕೆಲವು, ಮೇಲ್ಮೈಯ ಕಾಠಿಣ್ಯ ತುಸು ಇಳಿದು ಸೂಕ್ಷ್ಮದರ್ಶಕದಲ್ಲಿ ತರಿತರಿಯಾಗಿ ಕಂಡಿತೆಂದು ಹೇಳುತ್ತವೆ. ಮತ್ತೆ ಕೆಲವು ಗಣನೀಯ ಭೇದ ಕಾಣಲಿಲ್ಲವೆನ್ನುತ್ತವೆ. ಲೇಪ ಎಷ್ಟು ತೀಕ್ಷ್ಣ, ಎಷ್ಟು ಹುಳಿ, ಎಷ್ಟು ಹೊತ್ತು ಹಚ್ಚಿದರು ಎಂಬುದರ ಮೇಲೆ ಫಲ ನಿಂತಿದೆ. ಬಾಯಲ್ಲಿರುವ ಹಲ್ಲಿಗೆ ಕಿತ್ತ ಹಲ್ಲಿಗಿಲ್ಲದ ಒಬ್ಬ ಆಪ್ತನಿದ್ದಾನೆ: ಜೊಲ್ಲು. ಅದರಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಕಳೆದ ಖನಿಜವನ್ನು ಒಂದು ಮಿತಿಯೊಳಗೆ ಮರಳಿ ತುಂಬುತ್ತವೆ. ಆದುದರಿಂದ ಹಲ್ಲು ವಸಡುಗಳನ್ನು ಪರೀಕ್ಷಿಸಿ, ಹುಳುಕನ್ನು ಮುಚ್ಚಿ, ಮಿತವಾದ ಲೇಪವನ್ನು ಮಿತಕಾಲ ಹಚ್ಚಿದರೆ ಎನಾಮಲ್ ಹಾಳಾಗುವುದೆಂಬ ಭಯಕ್ಕೆ ಆಧಾರ ಸಾಲದು. ಆರು ತಿಂಗಳಿಗೊಮ್ಮೆ ಮತ್ತೆ ಮತ್ತೆ ಹಚ್ಚಿಸಿಕೊಳ್ಳುವವರಿಗೆ ಈ ಅಭಯ ಸಲ್ಲದು. ಬಿಳುಪು ಶಾಶ್ವತವೂ ಅಲ್ಲ. ಮೊದಲ ದಿನದ ಹೊಳಪಿನಲ್ಲಿ ಒಂದು ಪಾಲು ಹಲ್ಲು ಒಣಗಿದ್ದರಿಂದ ಬಂದದ್ದು. ಎರಡು ದಿನಗಳಲ್ಲಿ ಅದು ಹಿಂದೆ ಸರಿಯುತ್ತದೆ. ಹಾಕಿಸಿದ ಟೊಪ್ಪಿಗೆ, ತುಂಬಿಸಿದ ಸಿಮೆಂಟು ಮಾತ್ರ ಹಳೆಯ ಬಣ್ಣದಲ್ಲಿಯೇ ಉಳಿದು ತೇಪೆಯಂತೆ ಕಾಣುತ್ತವೆ. ದುಡ್ಡು ಕೊಡುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ನಿಜವಾದ ಅನರ್ಥ ಬೇರೆಡೆಯಿದೆ. ವೈದ್ಯರ ಶುಲ್ಕವನ್ನು ಭರಿಸಲಾರದ ತರುಣರು ಮನೆಯಲ್ಲಿಯೇ ನಿಂಬೆಹುಳಿ, ಉಪ್ಪು, ಇದ್ದಿಲಪುಡಿಗಳಿಂದ ಹಲ್ಲನ್ನು ತಿಕ್ಕತೊಡಗಿದ್ದಾರೆ. ಬಾಯೊಳಗಿನ ಆಮ್ಲತೆಯ ಪಿಎಚ್ ಅಂಕ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ನಿಂಬೆರಸದ ಅಂಕವೋ ಎರಡರ ಆಸುಪಾಸು. ಹುಳಿಯಿಂದ ಮೆತ್ತಗಾದ ಪದರವನ್ನು ಇದ್ದಿಲಿನಿಂದ ಉಜ್ಜಿದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಎನಾಮಲ್ ತೆಳುವಾದಷ್ಟೂ ಒಳಗಿನ ಹಳದಿ ಹೊರಗೆ ಎದ್ದು ಕಾಣುವುದರಿಂದ, ಬಿಳುಪಿಗಾಗಿ ಉಜ್ಜಿದವನು ಹಳದಿಯನ್ನೇ ಸಂಪಾದಿಸುತ್ತಾನೆ! ವಾಗ್ಭಟನ ಅಷ್ಟಾಂಗಹೃದಯವು ದಿನಚರ್ಯೆಯಲ್ಲಿ ಹಲ್ಲುಕಡ್ಡಿಯನ್ನು ವಿಧಿಸುವಾಗ ವಸಡಿಗೆ ನೋವಾಗದಂತೆ ಉಜ್ಜಬೇಕೆಂದು ಮರೆಯದೆ ಸೇರಿಸಿದೆ. ಆ ವಿವೇಕ ಇಂದಿನ ಉಜ್ಜುವಿಕೆಯಲ್ಲಿ ಕಾಣದು.

ಇಷ್ಟಕ್ಕೂ ಅಚ್ಚಬಿಳುಪೇ ಹಲ್ಲಿನ ಸೌಂದರ್ಯವೆಂದು ವಿಧಿಸಿದವರಾರು? ನಮ್ಮ ಕವಿಗಳು ಹಲ್ಲನ್ನು ಕುಂದದ ಮೊಗ್ಗಿಗೆ ಹೋಲಿಸಿದ್ದುಂಟು, ದಾಳಿಂಬೆಯ ಬೀಜಕ್ಕೂ ಹೋಲಿಸಿದ್ದುಂಟು. ದಾಳಿಂಬೆಯ ಬೀಜ ಬಿಳಿಯೆಂದು ಯಾವ ರಸಿಕನೂ ಹೇಳಲಾರ. ಅಲ್ಲಿನ ಸಾಧರ್ಮ್ಯ ಸಾಲುಗೂಡಿದ ಒಪ್ಪ ಮತ್ತು ಕಾಂತಿ. ಕವಿಸಮಯದಲ್ಲಿ ಬಿಳಿಯ ಬಣ್ಣ ಸಲ್ಲುವುದು ನಗೆಗೆ ಮತ್ತು ಕೀರ್ತಿಗೆ. ಜಪಾನಿನಲ್ಲಿಯಾದರೋ ಕುಲೀನರು ಹಲ್ಲಿಗೆ ಕಪ್ಪು ಹಚ್ಚಿಕೊಳ್ಳುವುದೇ ಸೊಬಗೆನಿಸಿತ್ತು; 1870ರಲ್ಲಿ ಸರಕಾರವೇ ಅದನ್ನು ನಿಷೇಧಿಸಬೇಕಾಯಿತು. ರುಚಿ ದೇಶಕಾಲಾಧೀನ, ಎನಾಮಲ್ ಹಾಗಲ್ಲ.

ಕಳೆದ ವರ್ಷ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಷಟ್ಪದಿಯನ್ನು ಓದಲು ಎದ್ದುನಿಂತ. ಕಂಠ ಇಂಪಾದುದು, ಯತಿ ತಪ್ಪದು. ಆದರೆ ಬಾಯಿಗೆ ಅಂಗೈಯನ್ನು ಅಡ್ಡ ಹಿಡಿದೇ ಓದಿದ. ತ ಥ ದ ಧ ನ ಎಂಬ ದಂತ್ಯಾಕ್ಷರಗಳೆಲ್ಲ ಕೈಯೊಳಗೇ ಉಳಿದವು. ಅವನ ಮುಂಬಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳು. ಗೆಳೆಯರು ಅವನನ್ನು ಹಲ್ಲುಜ್ಜದವನೆಂದು ಹಾಸ್ಯ ಮಾಡುತ್ತಿದ್ದರಂತೆ. ಅವನು ದಿನಕ್ಕೆ ಮೂರು ಬಾರಿ ಉಜ್ಜುತ್ತಿದ್ದ! ಅದು ಕೊಳೆಯಲ್ಲ, ಊರ ಕೊಳವೆಬಾವಿಯ ನೀರು ಬರೆದ ಬರಹ. ಕೋಲಾರ, ತುಮಕೂರು, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಮೊದಲಾದ ಜಿಲ್ಲೆಗಳ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಜಲಮೂಲವಿಲ್ಲದೆಡೆ 1.5ರವರೆಗೆ ಸಹ್ಯ ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ಫ್ಲೋರೈಡುಳ್ಳ ನೀರನ್ನು ಮಗು ಸುಮಾರು ಎಂಟು ವರ್ಷದೊಳಗೆ ಕುಡಿದರೆ, ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವ ಎನಾಮಲ್ಲಿನಲ್ಲಿ ಖನಿಜ ಸರಿಯಾಗಿ ತುಂಬದೆ ಸಚ್ಛಿದ್ರವಾಗುತ್ತದೆ. ಹಲ್ಲು ಮೂಡಿದ ಮೇಲೆ ಆ ರಂಧ್ರಗಳಲ್ಲಿ ಬಣ್ಣ ಕೂರುತ್ತದೆ.

ಇಂತಹವರಿಗೆ ಬಿಳುಪಿನ ಚಿಕಿತ್ಸೆ ವಿಲಾಸವಲ್ಲವೆಂದೇ ನನ್ನ ಅಭಿಪ್ರಾಯ. ಸೌಮ್ಯವಾದ ಕಲೆಗಳು ಲೇಪದಿಂದಲೋ, ಮೇಲ್ಪದರವನ್ನು ಅತಿತೆಳುವಾಗಿ ಸವರಿ ತೆಗೆಯುವ ಕ್ರಮದಿಂದಲೋ ತಿಳಿಯಾಗುತ್ತವೆ. ಐರೋಪ್ಯ ಒಕ್ಕೂಟವು 2011ರ ನಿಯಮದಿಂದ ಶೇಕಡಾ 6ಕ್ಕಿಂತ ಮಿಗಿಲಾದ ಪೆರಾಕ್ಸೈಡನ್ನು ನಿಷೇಧಿಸಿ, 18 ವರ್ಷ ತುಂಬದವರಿಗೆ ಶೇಕಡಾ 0.1ನ್ನು ಮೀರಿದ ಲೇಪ ಸಲ್ಲದೆಂದು ವಿಧಿಸಿದೆ. ಶೋಕಿಗಾಗಿ ಕೇಳುವ ಹುಡುಗರಿಗೆ ಆ ಕಟ್ಟಳೆ ಇಲ್ಲಿಯೂ ಬೇಕು. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡ ಹುಡುಗನ ವಿಷಯವನ್ನು ವೈದ್ಯರು ಪ್ರತ್ಯೇಕವಾಗಿ ವಿಚಾರಿಸಬೇಕು.

ಅವನ ತಮ್ಮ ತಂಗಿಯರ ಹಲ್ಲಿಗೆ ಮಾತ್ರ ಲೇಪದ ಅಗತ್ಯ ಬೀಳಬಾರದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಾಢವಾಗುತ್ತದೆ. ಮಳೆನೀರನ್ನು ಹಿಡಿದಿಡಬಹುದು, ಶುದ್ಧೀಕರಣ ಘಟಕದ ನೀರನ್ನು ತರಬಹುದು, ಪಟಿಕ ಸುಣ್ಣಗಳಿಂದ ತಿಳಿಗೊಳಿಸುವ ನಲಗೊಂಡ ಕ್ರಮವೂ ಉಂಟು. ಪ್ರತಿಯೊಂದು ಶಾಲೆಯೂ ತನ್ನ ಕುಡಿಯುವ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳುಹಿಸಿ, ಬಂದ ಅಂಕಿಯನ್ನು ಪರೀಕ್ಷಾ ಫಲಿತಾಂಶದ ಪಕ್ಕದಲ್ಲಿಯೇ ಸೂಚನಾ ಫಲಕಕ್ಕೆ ಅಂಟಿಸಲಿ.