ಹೆಸರಿಲ್ಲದ ಹೊಲಿಗೆ
ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಯಲ್ಲಿ ಉಳಿ ಹಿಡಿದವರಲ್ಲಿ ರೂವಾರಿ ಮಲ್ಲಿತಮ್ಮನೂ ಒಬ್ಬ ಎಂದು ನಮಗೆ ಗೊತ್ತು. ಮಾಡಿದ ಕೆಲಸಕ್ಕೆ ಹೆಸರು ಕೆತ್ತುವ ರೂಢಿ ಹೊಯ್ಸಳರ ಶಿಲ್ಪಿಗಳಿಗಿತ್ತು. ನಮ್ಮ ಸೂಜಿ ಹಿಡಿದ ಹೆಣ್ಣುಮಕ್ಕಳಿಗೆ ಆ ಭಾಗ್ಯ ಬರಲೇ ಇಲ್ಲ. ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿ: ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ದಾರಕ್ಕೆ ಗಂಟು ಹಾಕುವುದಿಲ್ಲ, ಎಳೆ ಎಣಿಸಿಕೊಂಡೇ ಸೂಜಿ ನಡೆಯಬೇಕು. ಗವಂತಿ ಎಂಬ ಬಗೆಯಲ್ಲಿ ಒಂದು ಹೊಲಿಗೆ ಬಿಟ್ಟು ಒಂದು ಹೊಲಿಯುತ್ತ ಹೋಗಿ, ಬಿಟ್ಟ ಸಂದುಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂತಿರುಗುತ್ತಾರೆ. ಮುಗಿದಾಗ ಗೋಪುರವೋ ತುಳಸಿಕಟ್ಟೆಯೋ ಇಳಕಲ್ ಸೀರೆಯ ಎರಡೂ ಮಗ್ಗುಲಲ್ಲಿ ಒಂದೇ ತೆರನಾಗಿ ಕಾಣುತ್ತದೆ. ಒಂದು ಎಳೆ ತಪ್ಪಿದರೂ ಗೋಪುರ ವಾಲುತ್ತದೆ. ಇಷ್ಟು ಲೆಕ್ಕಾಚಾರ ಬಲ್ಲ ಕೈಯನ್ನು ನಾವು ‘ಮನೆಗೆಲಸದ ಬಿಡುವಿನ ಹವ್ಯಾಸ’ ಎಂದು ಬದಿಗಿಟ್ಟದ್ದು ಅನ್ಯಾಯ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಯ ಹೊತ್ತಿಗೆ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳು ಸೇರಿ ಮಾಡಿದ 1,755 ಕಸೂತಿ ತುಣುಕುಗಳನ್ನು ಒಟ್ಟಿಗೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ದೊಡ್ಡ ಸುದ್ದಿಯೇ, ಸಂತೋಷವೂ ಆಯಿತು. ಕನ್ನಡಿ ಬಿಲ್ಲೆ, ಕವಡೆ ಕೂರಿಸಿದ ತಾಂಡಾದ ಕೆಲಸವನ್ನು ಜಗತ್ತು ನಿಂತು ನೋಡಿತಲ್ಲ! ಆದರೆ ಸುದ್ದಿಯಲ್ಲಿ ಉಳಿದದ್ದು ಸಂಖ್ಯೆ. ಯಾವ ತುಣುಕು ಯಾರದು ಎಂದು ನೋಡುವವರಿಗೆ ತಿಳಿಯಬೇಕು. ಹಲವರು ಕೂಡಿ ಹೊಲಿದಿದ್ದರೆ ಹಲವು ಹೆಸರು ಬರಲಿ. ಮಾರಾಟದ ಚೀಟಿಯಲ್ಲಿ ಬೆಲೆಗೆ ಜಾಗವಿರುವಾಗ, ಹೊಲಿದವಳ ಹೆಸರಿಗೂ ಊರಿಗೂ ಎರಡು ಸಾಲು ಬಿಡಲು ಯಾವ ಅಡ್ಡಿಯೂ ಇಲ್ಲ.