ತಡವಾಗಿ ತಿದ್ದಿದ ಉತ್ತರ



ಒಂಬತ್ತನೆಯ ತರಗತಿಗೆ ಪಿತ್ತಜನಕಾಂಗದ ಪಾಠ ಮಾಡುತ್ತಿದ್ದ ದಿನ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಎಳೆ ಮಕ್ಕಳಿಗೂ ಲಿವರ್ ಕ್ಯಾನ್ಸರ್ ಬರುತ್ತದೆಯೇ?" ಎಂದು ಕೇಳಿದ. "ಅದು ಕುಡುಕರ ಕಾಯಿಲೆ, ಕೂತ್ಕೋ" ಎಂದೆ. ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ. ಕಾರಣವನ್ನು ನಾನು ವಿಚಾರಿಸಲೂ ಇಲ್ಲ.

ನನ್ನ ಉತ್ತರ ತಪ್ಪು. ಹೆಪಟೊಬ್ಲಾಸ್ಟೋಮಾ ಎಂಬ ಯಕೃತ್ತಿನ ಕ್ಯಾನ್ಸರ್ ಬಹುಮಟ್ಟಿಗೆ ಮೂರು ವರ್ಷದೊಳಗಿನ ಮಕ್ಕಳಲ್ಲೇ ಕಾಣಿಸಿಕೊಳ್ಳುತ್ತದೆ. ಭ್ರೂಣದಲ್ಲಿ ಜೀವಕೋಶಗಳಿಗೆ "ಬೆಳೆಯಿರಿ" ಎಂದು ಆಜ್ಞೆ ನೀಡುವ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನು, ಕೆಲಸ ಮುಗಿದೊಡನೆ ನಾಶವಾಗಬೇಕು. ಅದರ ಜೀನ್ ಕೆಟ್ಟರೆ ಪ್ರೋಟೀನು ನಾಶವಾಗದೆ ಉಳಿಯುತ್ತದೆ. ಆಜ್ಞೆ ನಿಲ್ಲುವುದೇ ಇಲ್ಲ. ಈ ರೋಗದ ಬಹುಪಾಲು ಗೆಡ್ಡೆಗಳಲ್ಲಿ ಕಾಣುವುದು ಇದೇ ದೋಷ. ಇದರಲ್ಲಿ ಮದ್ಯದ ಪಾತ್ರವೇನೂ ಇಲ್ಲ.

ಇಂಥ ತಪ್ಪು ಪ್ರಯೋಗಾಲಯದಲ್ಲಿಯೂ ನಡೆದಿತ್ತೆಂದು ಓದಿ ಬೆರಗಾದೆ. ಅರ್ಜೆಂಟೀನಾದ ಹದಿನೈದರ ಬಾಲಕನೊಬ್ಬನ ಗೆಡ್ಡೆಯಿಂದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯ ವಿಜ್ಞಾನಿಗಳು ಬೆಳೆಸಿದ ಜೀವಕೋಶಗಳು 1979ರಲ್ಲಿ ಬೆಳಕಿಗೆ ಬಂದವು. ಹೆಪ್-ಜಿ2 ಎಂಬ ಹೆಸರಿನ ಅವು ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳನ್ನು ದೊಡ್ಡವರಲ್ಲಿ ಸಾಮಾನ್ಯವಾದ ಯಕೃತ್ತಿನ ಕ್ಯಾನ್ಸರಿನ ಮಾದರಿಯೆಂದೇ ಅನೇಕರು ಬಳಸಿದರು. 2009ರಲ್ಲಿ ಸಂಶೋಧಕರು ಮೂಲ ಗೆಡ್ಡೆಯನ್ನು ಮರುಪರಿಶೀಲಿಸಿ, ಅದು ಹೆಪಟೊಬ್ಲಾಸ್ಟೋಮಾ ಎಂದು ತೋರಿಸಿದರು. ಮೂವತ್ತು ವರ್ಷ ಮಕ್ಕಳ ರೋಗವೊಂದು ಹಿರಿಯರ ರೋಗದ ಹೆಸರಿನಲ್ಲಿ ಅಧ್ಯಯನಕ್ಕೊಳಗಾಗಿತ್ತು!

ವರ್ಷಕ್ಕೆ ಹತ್ತು ಲಕ್ಷ ಮಕ್ಕಳಲ್ಲಿ ಒಂದಿಬ್ಬರಿಗೆ ಬರುವ ರೋಗಕ್ಕೆ ಇಷ್ಟು ಶ್ರಮವೇಕೆ ಎಂದು ಕೇಳುವವರುಂಟು. ಆ ಒಂದಿಬ್ಬರು ನಮ್ಮ ಮನೆಯವರಾದಾಗ ಈ ಲೆಕ್ಕ ಹಿಡಿಸುವುದಿಲ್ಲ. ವಿರಳ ರೋಗದ ಔಷಧಕ್ಕೆ ಮಾರುಕಟ್ಟೆ ಚಿಕ್ಕದು. ಆದ್ದರಿಂದಲೇ ಅದರ ಸಂಶೋಧನೆಗೆ ಸಾರ್ವಜನಿಕ ಹಣ ಬೇಕು. ಮಗುವಿನ ದೇಹವು ದೊಡ್ಡವರ ದೇಹದ ಸಣ್ಣ ಪ್ರತಿಯಲ್ಲ. ಅದರ ರೋಗವನ್ನು ಅದರ ಹೆಸರಿನಲ್ಲಿಯೇ ಅರಿಯಬೇಕು. ಹಳೆಯ ಗಾಜಿನ ಪಟ್ಟಿಕೆಯನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು "ನಾವು ತಪ್ಪಿದ್ದೆವು" ಎನ್ನುವ ಕೆಲಸಕ್ಕೂ ಹೊಸ ಔಷಧ ಹುಡುಕುವುದರಷ್ಟೇ ಬೆಲೆಯಿದೆ.

ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ: ಹೌದು ಮಗು, ಬರುತ್ತದೆ. ನಿನ್ನ ಪ್ರಶ್ನೆ ಸರಿಯಾಗಿಯೇ ಇತ್ತು. ಯಾರಿಗಾಗಿ ಕೇಳಿದೆ ಎಂದು ಅಂದೇ ವಿಚಾರಿಸಬೇಕಾಗಿತ್ತು.

ಇಂತು,
ನಿಮ್ಮ ಮೇಷ್ಟ್ರು